ಚೀಟಿ ಬರೆದಿಟ್ಟು ಹೋಗಿದ್ದರೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದರು. ಮದುವೆ ಸೀರೆ ತೆಗೆಯುವ ದಿನ ಹುಡುಗ ಬರಲಿಲ್ಲವಂತೆ. ಯಾಕೆ ಅಂತ ಅವನೂ ಹೇಳಲಿಲ್ಲ, ನೀನೂ ಕೇಳಲಿಲ್ಲ. ಒಂಬತ್ತು ದಿನದಿಂದ ಇಬ್ಬರಿಗೂ ಮಾತಿಲ್ಲ. "ಅದು ಅವನಿಗೇ ಅರ್ಥವಾಗಬೇಕು" ಅಂದೆಯಂತೆ. ಆ ಮಾತು ಕೇಳಿ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಹೋದ ತಿಂಗಳು ನೀನು ಬಂದಾಗ ಒಂದು ಹಳೇ ಇಂಗ್ಲಿಷ್ ಸಿನಿಮಾ ಹಾಕಿದ್ದೆ, ನೆನಪಿದೆಯಾ? 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್', ಫ್ರಾಂಕ್ ಕ್ಯಾಪ್ರಾ ನಿರ್ದೇಶನದ್ದು. "ಇದು ನಮ್ಮ ಗಣೇಶ್ ಅವರ ಹುಡುಗಾಟದ ಕಥೆ ಅಲ್ವಾ ಅತ್ತೆ?" ಅಂದೆ. ಹೌದು, 2007ರ 'ಹುಡುಗಾಟ'ಕ್ಕೂ, 1956ರ ರಾಜ್ ಕಪೂರ್, ನರ್ಗೀಸ್ ಅವರ 'ಚೋರಿ ಚೋರಿ'ಗೂ ತಾಯಿಬೇರು ಇದೇ. ಕ್ಯಾಬ್ ಬಂತು ಅಂತ ನೀನು ಅರ್ಧಕ್ಕೇ ಎದ್ದು ಹೋದೆ. ನಾನು ನಿನಗೆ ತೋರಿಸಬೇಕಿದ್ದದ್ದು ಉಳಿದ ಅರ್ಧವನ್ನ.

ನೀನು ನೋಡಿದ ಕೊನೆಯ ದೃಶ್ಯ ಪತ್ತೇದಾರರದ್ದು. ಸಾಹುಕಾರನ ಮಗಳು ಎಲೆನ್ ಅಪ್ಪನ ಹಡಗಿನಿಂದ ನೀರಿಗೆ ಹಾರಿ, ಮಯಾಮಿಯಿಂದ ನ್ಯೂಯಾರ್ಕಿಗೆ ಬಸ್ಸು ಹತ್ತಿದ್ದಾಳೆ. ಜೊತೆಗೆ ಕೆಲಸ ಕಳಕೊಂಡ ಪತ್ರಕರ್ತ ಪೀಟರ್. ಅವಳನ್ನು ಹುಡುಕಿಕೊಂಡು ಜನ ಇವರು ದಾರಿಯಲ್ಲಿ ತಂಗಿದ್ದ ಕೋಣೆಯ ಬಾಗಿಲಿಗೇ ಬರುತ್ತಾರೆ. ಯೋಚಿಸಲು ಹೊತ್ತಿಲ್ಲ. ಪೀಟರ್ ಅವಳ ಕೂದಲು ಕೆದರಿಬಿಡುತ್ತಾನೆ. ಇಬ್ಬರೂ ಗಂಡ ಹೆಂಡತಿಯ ಹಾಗೆ ಜಗಳಕ್ಕೆ ಇಳಿಯುತ್ತಾರೆ. ಅವನು ಒಂದು ಅಂದರೆ ಅವಳು ಎರಡು ಅನ್ನುತ್ತಾಳೆ, ಗೊಳೋ ಅಂತ ಅಳುತ್ತಾಳೆ. ಬಂದವರು ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾರೆ. ಒಂದು ಸನ್ನೆಯಿಲ್ಲ, ಮೊದಲೇ ಮಾತಾಡಿಕೊಂಡದ್ದಿಲ್ಲ. ಕ್ಲಾರ್ಕ್ ಗೇಬಲ್, ಕ್ಲಾಡೆಟ್ ಕೋಲ್ಬರ್ಟ್ ಇಬ್ಬರಿಗೂ ಆಸ್ಕರ್ ಯಾಕೆ ಬಂತು ಅಂತ ಆ ಎರಡು ನಿಮಿಷ ನೋಡಿದರೆ ಸಾಕು.

ಇಷ್ಟು ಚೆನ್ನಾಗಿ ಒಬ್ಬರಿಗೊಬ್ಬರು ಅರ್ಥವಾದವರೇ ಮುಂದೆ ಎಡವಿದ್ದು.

ದುಡ್ಡು ಮುಗಿಯುತ್ತದೆ. ಹೊಲದ ಹಸಿ ಕ್ಯಾರೆಟ್ಟೇ ಊಟ. ಮೊದಲು ಬೇಡ ಅಂದ ಹುಡುಗಿ ಆಮೇಲೆ ಅದನ್ನೇ ಕಚ್ಚಿ ತಿನ್ನುತ್ತಾಳೆ. ರಾತ್ರಿ ತಂಗುವ ಕೋಣೆಯಲ್ಲಿ ಎರಡು ಮಂಚದ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟಿರುತ್ತಾರೆ. ಕೊನೆಯ ರಾತ್ರಿ ಅವಳು ಆ ಕಂಬಳಿ ದಾಟಿ ಬಂದು, ನಿನ್ನನ್ನು ಬಿಟ್ಟಿರಲಾರೆ ಅನ್ನುತ್ತಾಳೆ. ಅವನು ಗಟ್ಟಿಯಾಗಿ ವಾಪಸ್ಸು ಕಳಿಸುತ್ತಾನೆ. ಆಮೇಲೆ ಮನಸ್ಸು ಕರಗಿ, ನಿಜವಾಗಿ ಹೇಳಿದೆಯಾ ಅಂತ ಕೇಳುವಷ್ಟರಲ್ಲಿ ಅವಳಿಗೆ ನಿದ್ದೆ.

ಕೈಯಲ್ಲಿ ಕಾಸಿಲ್ಲದೆ ಮದುವೆಯ ಮಾತು ಹೇಗೆ ಎತ್ತುವುದು? ತಮ್ಮ ಕಥೆಯನ್ನೇ ಪತ್ರಿಕೆಗೆ ಬರೆದುಕೊಟ್ಟು 1,000 ಡಾಲರ್ ತರೋಣ ಅಂತ ನಡುರಾತ್ರಿ ಕಾರು ಹತ್ತಿ ನ್ಯೂಯಾರ್ಕಿಗೆ ಹೊರಡುತ್ತಾನೆ. ಅವಳನ್ನು ಎಬ್ಬಿಸಲಿಲ್ಲ. ಒಂದು ಚೀಟಿ ಕೂಡ ಬರೆದಿಡಲಿಲ್ಲ. ಕಾರು ಇಲ್ಲದ್ದು ನೋಡಿದ ಕೋಣೆಯ ಯಜಮಾನರು ಅವಳನ್ನು ಎಬ್ಬಿಸಿ ಹೊರಗೆ ಹಾಕುತ್ತಾರೆ. ಕೈಬಿಟ್ಟು ಹೋದ ಅಂದುಕೊಂಡು ಅವಳು ಅಪ್ಪನಿಗೆ ಫೋನ್ ಮಾಡುತ್ತಾಳೆ. ಇವನು ಖುಷಿಯಿಂದ ವಾಪಸ್ಸು ಬರುವಾಗ ಅವಳ ಕಾರು ಎದುರಿನಿಂದ ಹಾದುಹೋಗುತ್ತದೆ. ಮೋಸ ಮಾಡಿದಳು ಅಂತ ಇವನ ಲೆಕ್ಕ. ಕೆಟ್ಟವರು ಯಾರೂ ಇಲ್ಲ ಪುಟ್ಟಿ, ಇಬ್ಬರಿಗೂ ಪ್ರೀತಿ ಜಾಸ್ತಿಯೇ ಇತ್ತು.

ನಿಮ್ಮ ಮಾವ ಮತ್ತು ನನ್ನ ನಡುವೆಯೂ ಹೀಗೇ ಒಂದು ಬೆಳಗ್ಗೆ ನಡೆದಿದೆ. ನಿಮ್ಮಪ್ಪನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮದುವೆಯಾಗಿ ನಾಲ್ಕು ತಿಂಗಳು. ಹಿಂದಿನ ರಾತ್ರಿ ಸಣ್ಣ ಮಾತಿಗೆ ಮುನಿಸು. ಎದ್ದು ನೋಡಿದರೆ ಅವರಿಲ್ಲ, ಚಪ್ಪಲಿ ಇಲ್ಲ. ಬಿಟ್ಟು ಹೋದರು ಅಂದುಕೊಂಡು ಬೀಗ ಹಾಕಿ ಮೊದಲ ಬಸ್ಸಿಗೇ ತವರಿಗೆ ಬಂದೆ. ಸಂಜೆ ಅವರು ಬಂದು ನಡುಮನೆಯಲ್ಲಿ ನಿಂತಾಗ ಅಂಗಿಯೆಲ್ಲ ಸೀಮೆಎಣ್ಣೆ ವಾಸನೆ. ನಾಲ್ಕು ಗಂಟೆಗೇ ಎದ್ದು ಡಬ್ಬಿ ಹಿಡಿದು ಕ್ಯೂ ನಿಂತಿದ್ದರು. ಒಲೆಗೆ ಎಣ್ಣೆ ಇಲ್ಲ ಅಂತ ಹಿಂದಿನ ದಿನ ಹೇಳಿದವಳು ನಾನೇ. ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಸಿನಿಮಾದಲ್ಲಿ ಆ ಗಂಟು ಬಿಡಿಸಿದ್ದು ಅಪ್ಪ. ಮಗಳನ್ನು ಹುಡುಕಿಕೊಟ್ಟವರಿಗೆ 10,000 ಡಾಲರ್ ಇನಾಮು. ಪೀಟರ್ ಬಂದು ಕೇಳಿದ್ದು 39 ಡಾಲರ್ 60 ಸೆಂಟ್ ಮಾತ್ರ, ದಾರಿಖರ್ಚಿನ ಲೆಕ್ಕ. ಅವಳನ್ನು ಪ್ರೀತಿಸುತ್ತೀಯಾ ಅಂತ ಅಪ್ಪ ಬಿಡದೆ ಕೇಳಿ ಬಾಯಿ ಬಿಡಿಸುತ್ತಾನೆ. ಇನ್ನೊಬ್ಬನ ಜೊತೆ ಮದುವೆಗೆ ಕೈ ಹಿಡಿದು ಕರೆದೊಯ್ಯುವಾಗ ಮಗಳ ಕಿವಿಯಲ್ಲಿ ಅದನ್ನೇ ಹೇಳುತ್ತಾನೆ. ಅವಳು ಮದುವೆ ಬಟ್ಟೆಯಲ್ಲೇ ಓಡುವ ಓಟವನ್ನು ನೀನೇ ನೋಡಬೇಕು.

ಹುಡುಗ ಯಾಕೆ ಬರಲಿಲ್ಲ ಅಂತ ನನಗೆ ಗೊತ್ತಿಲ್ಲ. ಕಾರಣ ಒಳ್ಳೆಯದೇ ಇರುತ್ತೆ ಅಂತ ನಾನು ಹೇಳುವುದೂ ಇಲ್ಲ. ಆದರೆ ಕೇಳು. ಕೋಪ ಬಂದಿದೆ ಅಂತಲೇ ಹೇಳಿ ಕೇಳು. ಅವನು ಏನು ಹೇಳುತ್ತಾನೆ, ಹೇಗೆ ಹೇಳುತ್ತಾನೆ ನೋಡಿ ಆಮೇಲೆ ತೀರ್ಮಾನ ಮಾಡು. ಈ ಮದುವೆ ಬೇಡ ಅನ್ನಿಸಿದರೂ ನಾನು ನಿನ್ನ ಕಡೆಗೇ ಇರುತ್ತೇನೆ, ನಿಮ್ಮಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ಈ ಕಾಗದ ಮುಗಿಸಿದ ತಕ್ಷಣ ಫೋನ್ ಎತ್ತಿಕೋ. ಮೆಸೇಜ್ ಬೇಡ, ದನಿ ಕೇಳಲಿ. ಭಾನುವಾರ ಮನೆಗೆ ಬಾ. ಸಿನಿಮಾ ನೀನು ಬಿಟ್ಟುಹೋದ ಜಾಗದಲ್ಲೇ ನಿಲ್ಲಿಸಿ ಇಟ್ಟಿದ್ದೇನೆ.

ನಿನ್ನ ಅತ್ತೆ