ಕಾರವಾನ್ ಇದ್ದವರು ಪತ್ತನಾಜೆಗೆ ಮೊದಲೇ ಒಮ್ಮೆ ಗಾಡಿಯ ಮಾಡು ಹತ್ತಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಕೇರಳ ಸರಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿದ ಮೇಲೆ ನಮ್ಮ ಕಾಸರಗೋಡಿನಲ್ಲೂ ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಈ ಗಾಡಿಗಳ ಮಾತು ಜಾಸ್ತಿಯಾಗಿದೆ. ಬೇಕಲದ ಕಡೆ ಹೋಂಸ್ಟೇ ನಡೆಸುವವರು, ಗಲ್ಫಿನಿಂದ ಬಂದು ಊರಲ್ಲೇ ನಿಂತವರು, ಜೀಪಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಕಾರವಾನ್ ತರಿಸಿಕೊಳ್ಳುತ್ತಿದ್ದಾರೆ. ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಟಿಲ್ಲರ್, ಪಂಪ್‌ಸೆಟ್, ತೋಟಕ್ಕೆ ಮದ್ದು ಬಿಡುವ ಯಂತ್ರ ಇವೇ ನಮ್ಮ ಮುಖ್ಯ ಕೆಲಸ. ಈಚೆಗೆ ಈ ಕಾರವಾನ್‌ಗಳೂ ಬರುತ್ತಿವೆ. ಬರುವುದು ಮಾತ್ರ ಮಳೆಗಾಲ ಕಳೆದು, ಹಾಳಾದ ಮೇಲೆ. ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಪತ್ರ.

ಇಂಥ ಗಾಡಿ ಓಡಿ ಹಾಳಾಗುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಮೂಲೆಯಲ್ಲಿ ನಿಂತೇ ಹಾಳಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಸಮುದ್ರದ ಹತ್ತಿರದವರಿಗೆ ಉಪ್ಪು ಗಾಳಿ ಬೇರೆ. ಮಳೆಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡದೆ ಅಡಿಕೆ ತೋಟವನ್ನು ದೇವರ ಮೇಲೆ ಬಿಡುವವರು ನಮ್ಮಲ್ಲಿ ಯಾರೂ ಇಲ್ಲ, ಅಲ್ವಾ? ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿಗೂ ಅಷ್ಟೇ ಕಾಳಜಿ ಬೇಕು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಪತ್ತನಾಜೆ ಬರುವುದು ಮೇ ಕೊನೆಯ ವಾರದಲ್ಲಿ. ಅದರೊಳಗೆ ಈ ಕೆಲಸ ಮುಗಿಯಬೇಕು.

ಮೊದಲು ಗಾಡಿಯ ಮಾಡು, ಅಂದರೆ ಚಾವಣಿ. ಏಣಿ ಇಟ್ಟು ಹತ್ತಿ ನೋಡಿ. ಗಾಳಿ ಕಿಂಡಿಯ ಸುತ್ತ, ಸೋಲಾರ್ ಪ್ಯಾನೆಲಿನ ಕಾಲುಗಳ ಬುಡದಲ್ಲಿ, ಮಾಡು ಮತ್ತು ಗೋಡೆ ಸೇರುವ ಅಂಚಿನ ಪಟ್ಟಿಯಲ್ಲಿ ಸೀಲೆಂಟ್, ಅಂದರೆ ನೀರು ಹೋಗದ ಹಾಗೆ ಸಂದಿಗೆ ತುಂಬಿದ ಅಂಟು, ಬಿರುಕು ಬಿಟ್ಟಿದೆಯಾ ಅಂತ ಬೆರಳಾಡಿಸಿ ನೋಡಬೇಕು. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ. ನೀರಿನ ಸ್ವಭಾವ ಹೇಗೆಂದರೆ, ಹೊಕ್ಕ ಜಾಗದಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ. ಹಿಂದಿನ ಸ್ಕ್ರೂ ತೂತಿನಲ್ಲಿ ಇಳಿದು, ಒಳಗಿನ ಚೌಕಟ್ಟಿನ ಮೇಲೆ ಹರಿದು, ಮುಂದಿನ ಮಂಚದ ಮೂಲೆಯಲ್ಲಿ ಕಲೆ ಮಾಡುತ್ತದೆ. ಕಳೆದ ಮಳೆಗಾಲ ಮುಗಿದ ಮೇಲೆ ಬಂದ ಒಂದು ಗಾಡಿಯಲ್ಲಿ ಹೊರಗಿನ ಪೈಂಟ್ ಮಿರಿಮಿರಿ ಹೊಳೆಯುತ್ತಿತ್ತು. ಒಳಗಿನ ಗೋಡೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡು, ಹಿಂಬದಿಯಲ್ಲಿ ಕಪ್ಪಗೆ ಬೂಷ್ಟು ಹಿಡಿದಿತ್ತು. ಅಲ್ಲಿ ಹಾಕಿದ್ದ ಸ್ಕ್ರೂ ಕೈಯಲ್ಲೇ ಕಿತ್ತು ಬಂತು. ಒಂದು ಟ್ಯೂಬ್ ಸೀಲೆಂಟಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಇಡೀ ಮುಂಭಾಗ ಬಿಚ್ಚಬೇಕಾಯಿತು.

ಇಲ್ಲಿ ಇನ್ನೊಂದು ಮಾತು. ಬಾತ್‌ರೂಮಿಗೆ ಹಾಕುವ ಸಿಲಿಕೋನನ್ನು ದಯವಿಟ್ಟು ಮಾಡಿಗೆ ಮೆತ್ತಬೇಡಿ. ಅದು ಒಮ್ಮೆ ಕೂತರೆ ಅದರ ಮೇಲೆ ಮುಂದೆ ಬೇರೇನೂ ಸರಿಯಾಗಿ ಹಿಡಿಯುವುದಿಲ್ಲ. ಹಳೆಯದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದು, ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮಾಡಿಗೆಂದೇ ಬರುವ ಸೀಲೆಂಟ್ ಹಾಕಬೇಕು. ಅಂಚಿನ ಪಟ್ಟಿ ಬಿಚ್ಚಿದರೆ ಅದರ ಅಡಿಗೆ ಹೊಸ ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ). ಇದೆಲ್ಲ ಬಿಸಿಲಿದ್ದಾಗ ಮಾಡುವ ಕೆಲಸ. ಮಳೆ ಶುರುವಾದ ಮೇಲೆ ಫೋನ್ ಮಾಡಿದರೆ ನಾವೇನು ಮಾಡಲಿಕ್ಕಾಗುತ್ತದೆ?

ಅಡಿಕೆ ಅಂಗಳದ ಪ್ಲಾಸ್ಟಿಕ್ ಶೀಟನ್ನು ಗಾಡಿಗೆ ಬಿಗಿಯಾಗಿ ಸುತ್ತಿ ಕಟ್ಟುವವರಿದ್ದಾರೆ. ಹಾಗೆ ಮಾಡಿದರೆ ಒಳಗಿನ ತೇವ ಒಳಗೇ ಬೇಯುತ್ತದೆ. ಗಾಳಿಗೆ ಶೀಟು ಉಜ್ಜಿ ಪೈಂಟೂ ಹೋಗುತ್ತದೆ. ಅದರ ಬದಲು ಅಡಿಕೆ ಮರದ ನಾಲ್ಕು ಕಂಬ ಹುಗಿದು ಮೇಲೆ ತಗಡು ಹೊದೆಸಿ, ನಾಲ್ಕೂ ಬದಿ ಗಾಳಿ ಆಡುವ ಹಾಗೆ ಬಿಡಿ. ಒಳಗಿನ ಹಾಸಿಗೆ ಎತ್ತಿ ನಿಲ್ಲಿಸಿ, ಕಪಾಟಿನ ಬಾಗಿಲು ತೆರೆದಿಡಿ. ನೀರಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ಇನ್ನು ಚಕ್ರ. ಟಿಲ್ಲರ್ ಟ್ರೈಲರಿನ ಹಬ್ (ಚಕ್ರದ ನಡುವಿನ ಭಾಗ) ಬಿಚ್ಚಿ ಗ್ರೀಸ್ ತುಂಬಿದ ಯಾವ ಮೆಕ್ಯಾನಿಕ್‌ಗೂ ಇದು ಹೊಸ ಕೆಲಸವಲ್ಲ. ಆದರೂ ಜನ ಕೊಚ್ಚಿಯಿಂದಲೋ ಬೆಂಗಳೂರಿನಿಂದಲೋ ಕಂಪೆನಿಯವರು ಬರಲಿ ಅಂತ ಕಾಯುತ್ತಾರೆ. ವರ್ಷಕ್ಕೊಮ್ಮೆ ಹಬ್ಬಿನೊಳಗೆ ಚಕ್ರ ಸರಾಗ ತಿರುಗಲು ಇರುವ ಬೇರಿಂಗ್ ತೆಗೆದು ತೊಳೆದು ಹೊಸ ಗ್ರೀಸ್ ತುಂಬಲೇಬೇಕು, ಓಡಿದ್ದು ಕಡಿಮೆಯಾದರೂ ಸರಿ. ಜಾಕಿ ಕೊಟ್ಟು ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ, ಅಥವಾ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲೊಟಲೊಟ ಅಂದರೆ ಬಿಚ್ಚಿಸಿ. ನೀರು ಸೇರಿದ ಗ್ರೀಸ್ ಬಿಳಿಚಿಕೊಂಡು ತೆಳ್ಳಗಾಗಿರುತ್ತದೆ. ಬೇರಿಂಗಿನ ಒಳಗಿನ ರೋಲರ್ ಮೇಲೆ ಉಗುರಿಗೆ ತಾಗುವ ಸಣ್ಣ ಹೊಂಡ ಕಂಡರೂ ಬೇರಿಂಗ್ ಬದಲಿಸಿ. ಗ್ರೀಸ್ ಹೊರಬರದಂತೆ ತಡೆಯುವ ಆಯಿಲ್ ಸೀಲ್, ನಟ್ಟು ಕಳಚದಂತೆ ಹಿಡಿಯುವ ಸ್ಪ್ಲಿಟ್ ಪಿನ್ ಎರಡೂ ಪ್ರತಿ ಸಲ ಹೊಸದು. ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲದ ಕಡೆ ಘಾಟಿ ಹತ್ತುವವರು ಇದರಲ್ಲಿ ಸ್ವಲ್ಪವೂ ಉದಾಸೀನ ಮಾಡಬಾರದು. ಚಕ್ರ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಕೊಳ್ಳಿ.

ಟಯರಿನ ಹಲ್ಲು ನೋಡಿ ಸಮಾಧಾನ ಪಡಬೇಡಿ. ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ಟಯರಿನ ಹಲ್ಲು ಹೊಸದರ ಹಾಗೆ ಕಂಡರೂ ರಬ್ಬರ್ ಸತ್ತಿರುತ್ತದೆ.

ಹಿಂದಿನ ಲೈಟು ಮಿಣುಕುತ್ತದೆ ಅಂತ ಬಲ್ಬ್ ಬದಲಿಸಿ ಬದಲಿಸಿ ಸುಸ್ತಾದವರು ಬರುತ್ತಾರೆ. ಹೆಚ್ಚಿನ ಸಲ ಅದು ಅರ್ತ್ ವಯರಿನ ತೊಂದರೆ. ಚಾಸಿಗೆ ಕೂತ ಬೋಲ್ಟ್ ಬಿಚ್ಚಿ, ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಬಿಗಿದು ಮೇಲೆ ಚೂರು ಗ್ರೀಸ್ ಸವರಿದರೆ ಮುಗಿಯಿತು.

ಗ್ಯಾಸಿನ ವಿಷಯದಲ್ಲಿ ಮಾತ್ರ ಕೈಮುಗಿದು ಹೇಳುತ್ತೇನೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ. ಅದು ಹೊರಗೆ ಹೋಗಲಿ ಅಂತಲೇ ನೆಲಮಟ್ಟದಲ್ಲಿ ಕಿಂಡಿ ಇಟ್ಟಿರುತ್ತಾರೆ. ಇಲಿ ಬರುತ್ತದೆ, ಇರುವೆ ಬರುತ್ತದೆ ಅಂತ ಅದನ್ನು ಬಟ್ಟೆ ತುರುಕಿ ಮುಚ್ಚಿದವರನ್ನು ನೋಡಿದ್ದೇನೆ. ಬೇಕಾದರೆ ಗಾಳಿ ಸರಾಗ ಆಡುವಂಥ ಜಾಲರಿ ಹೊಡೆಯಿರಿ, ಮುಚ್ಚಬೇಡಿ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೂ ಇಂಥ ಕಿಂಡಿಗಳೇ ಇಷ್ಟ, ಆಗಾಗ ಕೆರೆದು ತೆಗೆಯಬೇಕು. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವುದು ಬೇಡವೇ ಬೇಡ.

ನನ್ನ ತಕರಾರು ಗಾಡಿ ಮಾರುವವರ ಮೇಲೆ. ಎಸಿ, ಟಿವಿ, ಸೋಫಾ ಎಲ್ಲ ತೋರಿಸುತ್ತಾರೆ. ಮಾಡಿನ ಅಂಚು ತೋರಿಸುವವರಿಲ್ಲ. ನಮ್ಮ ಹತ್ತಿರ ಬಂದ ಗಾಡಿಗಳಲ್ಲಿ ಇದ್ದ, ಗಾಡಿ ನೋಡಿಕೊಳ್ಳುವುದು ಹೇಗೆಂದು ಹೇಳುವ ಪುಸ್ತಕವೆಲ್ಲ ಇಂಗ್ಲಿಷಿನದು. ಕಾಸರಗೋಡಿನಲ್ಲಿ ಕನ್ನಡ ಮಾತ್ರ ಓದುವ ಹಿರಿಯರಿದ್ದಾರೆ. ಗಾಡಿ ನೋಡಿಕೊಳ್ಳುವ ಕೆಲಸದವರಿದ್ದಾರೆ. ನಾಲ್ಕು ಪುಟ ಕನ್ನಡದಲ್ಲಿ, ನಾಲ್ಕು ಪುಟ ಮಲಯಾಳದಲ್ಲಿ ಅಚ್ಚು ಹಾಕಲಿಕ್ಕೆ ಎಷ್ಟು ಖರ್ಚು? ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಮೇ ತಿಂಗಳಲ್ಲಿ ಒಂದೆರಡು ದಿನದ ತರಬೇತಿ ಇಟ್ಟರೆ ಕಲಿಯಲು ಬರುವ ಹುಡುಗರಿದ್ದಾರೆ, ಕಲಿಸಲು ನಾನೂ ಬರುತ್ತೇನೆ.

ಅಷ್ಟರವರೆಗೆ, ಹೊಸದಾಗಿ ಕೊಳ್ಳುವವರು ಕೀ ಕೈಗೆ ಬರುವ ಮೊದಲೇ ಬೇರಿಂಗ್ ನಂಬರ್, ಆಯಿಲ್ ಸೀಲ್ ನಂಬರ್, ಮಾಡಿಗೆ ಹಾಕಿದ ಸೀಲೆಂಟಿನ ಹೆಸರು ಬರೆಸಿಕೊಳ್ಳಿ. ವಯರಿಂಗಿನ ನಕ್ಷೆಯನ್ನೂ ಕೇಳಿ. ನಂಬರ್ ಇದ್ದರೆ ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಸಾಮಾನು ಹುಡುಕಿ ತರುವುದು ನಮಗೆ ಸುಲಭ.

— ಬದಿಯಡ್ಕ ಕಡೆಯ ಒಬ್ಬ ಮೆಕ್ಯಾನಿಕ್