ಸಾಲ್ಸಾದಲ್ಲಿ ಮಾತೂ ಇದೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಸಾಲ್ಸಾ ಎಂಬ ಲ್ಯಾಟಿನ್ ಸಂಗೀತ, ಕುಣಿತದ ಬಗ್ಗೆ ಬಂದ ಲೇಖನ ಓದಿದೆ. ಹೆಜ್ಜೆ ಹೇಗೆ ಹಾಕಬೇಕು, ತೂಕ ಎಷ್ಟು ಇಳಿಯುತ್ತದೆ, ಎಲ್ಲ ಇತ್ತು. ಪನಾಮಾದ ಗಾಯಕ, ಹಾಡುಗಳ ಕವಿ ರೂಬೆನ್ ಬ್ಲೇಡ್ಸ್ ಹೆಸರು ಮಾತ್ರ ಕೊನೆಗೆ ಒಂದೇ ಸಲ, ಅದೂ ‘ಕುಣಿಸುವ ಗಾಯಕ’ ಅಂತ. ಅಷ್ಟೇನಾ?

ನಾನು ನಿವೃತ್ತ ಹಡಗು ಎಂಜಿನಿಯರ್. 1983ರಲ್ಲಿ ನಮ್ಮ ಹಡಗು ಪನಾಮಾ ಕಾಲುವೆ ದಾಟಲು ಬಾಲ್ಬೊವಾ ಬಂದರಿನ ಹೊರಗೆ ಲಂಗರು ಹಾಕಿ ಸರದಿ ಕಾಯುತ್ತಿತ್ತು. ಸಾಮಾನು ತಂದ ದೋಣಿಯವನ ಟೇಪ್ ರೆಕಾರ್ಡರಿನಲ್ಲಿ ಬ್ಲೇಡ್ಸ್ ಬರೆದು ಹಾಡಿದ ಒಂದು ಹಾಡು ಬರುತ್ತಿತ್ತು, ‘ಪೆದ್ರೊ ನವಾಹಾ’. ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಅವನು ಆಡಿಯೇ ತೋರಿಸಿದ. ಟೋಪಿಯನ್ನು ಹಣೆಗೆ ಎಳೆದುಕೊಂಡ, ಎರಡೂ ಕೈ ಜೇಬಿಗೆ ಇಳಿಸಿದ, ಆಮೇಲೆ ಒಂದು ಕೈ ತೆಗೆದು ಮುಂದಿನ ಹಲ್ಲನ್ನು ಉಗುರಿನಿಂದ ಟಕ್ ಅಂತ ತಟ್ಟಿದ. ಚಿನ್ನದ ಹಲ್ಲಂತೆ! ಹಾಡಿನ ಪುಂಡ ಪೆದ್ರೊ, ಗಿರಾಕಿ ಸಿಗದೆ ಅಲೆಯುತ್ತಿದ್ದ ಹೆಂಗಸಿನ ಮೇಲೆ ಚಾಕು ಎತ್ತುತ್ತಾನೆ. ಅವಳ ಹತ್ತಿರ ರಿವಾಲ್ವರ್ ಇರುತ್ತದೆ. ಇಬ್ಬರೂ ಸಾಯುತ್ತಾರೆ. ದಾರಿಯಲ್ಲಿ ಬಂದ ಕುಡುಕ ಹೆಣಗಳಿಗೆ ಎಡವಿ, ಚಾಕು, ರಿವಾಲ್ವರ್, ದುಡ್ಡು ಎಲ್ಲ ಬಾಚಿಕೊಂಡು ಹಾಡುತ್ತಾ ಹೊರಟುಹೋಗುತ್ತಾನೆ.

ಏಳು ನಿಮಿಷಕ್ಕಿಂತ ಜಾಸ್ತಿ ಉದ್ದದ ಹಾಡು ಅದು. ಶುರುವಿನಲ್ಲಿ ದನಿಯ ಜೊತೆ ತಾಳವಾದ್ಯ ಅಷ್ಟೇ. ಕತೆ ಬಿಗಿಯಾದ ಹಾಗೆ ಉಳಿದ ವಾದ್ಯಗಳು ಒಂದೊಂದಾಗಿ ಬಂದು ಸೇರುತ್ತವೆ. ಟ್ರಾಂಬೋನ್ ವಾದಕ ವಿಲ್ಲಿ ಕೊಲೊನ್ ಜೊತೆ 1978ರಲ್ಲಿ ಮಾಡಿದ ‘ಸಿಯೆಂಬ್ರಾ’ ಆಲ್ಬಂನಲ್ಲಿದೆ. ಅಂದಹಾಗೆ, ನವಾಹಾ ಅಂದರೆ ಮಡಚುವ ಚಾಕು. ಬರೆದವರ ಹೆಸರಲ್ಲೂ ಬ್ಲೇಡೇ! ದೋಣಿಯವನು ಮಾತ್ರ ‘ಬ್ಲಾದೆಸ್’ ಅನ್ನುತ್ತಿದ್ದ.

ಬ್ಲೇಡ್ಸ್ ಹುಟ್ಟಿದ್ದು 1948ರಲ್ಲಿ, ಪನಾಮಾ ಸಿಟಿಯಲ್ಲಿ. ತಾಯಿ ಕ್ಯೂಬಾದವರು, ಹಾಡುತ್ತಿದ್ದರು, ಪಿಯಾನೊ ನುಡಿಸುತ್ತಿದ್ದರು. ಮಗ ಕಾನೂನು ಓದಿ ನ್ಯೂಯಾರ್ಕಿಗೆ ಹೋದರೆ ಸಿಕ್ಕಿದ್ದು ಫಾನಿಯಾ ರೆಕಾರ್ಡ್ಸ್‌ನ ಟಪಾಲು ಕೋಣೆಯ ಕೆಲಸ. ಲಾಯರ್ ಪದವಿ ಇಟ್ಟುಕೊಂಡು ಕಾಗದ ವಿಂಗಡಿಸುವುದು! ಆದರೆ ಅದು ಸಾಲ್ಸಾದ ದೊಡ್ಡ ಕಂಪನಿ, ಹಾಡುವವರೆಲ್ಲ ಅಲ್ಲೇ ಓಡಾಡುತ್ತಿದ್ದರು. ಇವರು ಬರೆದ ‘ಎಲ್ ಕಂತಾಂತೆ’ಯನ್ನು ಹೆಕ್ಟರ್ ಲಾವೋ ಹಾಡಿದರು. ಜನ ಅದನ್ನು ಇವತ್ತಿಗೂ ಲಾವೋ ಹಾಡು ಅಂತಲೇ ಅನ್ನುತ್ತಾರೆ.

ಆಮೇಲೆ ಹಾರ್ವರ್ಡ್‌ನಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ, ಸಿನಿಮಾ, 1994ರಲ್ಲಿ ಪನಾಮಾ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ (ಮೂರನೇ ಸ್ಥಾನ), 2004ರಿಂದ ಐದು ವರ್ಷ ಪ್ರವಾಸೋದ್ಯಮ ಮಂತ್ರಿಗಿರಿ. ಇವೆಲ್ಲ ನನಗೆ ಅಷ್ಟು ಮುಖ್ಯ ಅಲ್ಲ. 1984ರ ‘ದೆಸಪರಿಸಿಯೋನೆಸ್’ ಕೇಳಿ. ಲ್ಯಾಟಿನ್ ಅಮೆರಿಕದ ಸರ್ವಾಧಿಕಾರಿಗಳ ಕಾಲದಲ್ಲಿ ಕಾಣೆಯಾದವರ ಹಾಡು. ಒಬ್ಬೊಬ್ಬರೇ ಬಂದು ನಮ್ಮವರನ್ನು ಕಂಡಿರಾ ಅಂತ ಕೇಳುತ್ತಾರೆ. ಗಂಡನನ್ನು ಹುಡುಕುವವಳು, ಮಗನನ್ನು ಹುಡುಕುವವರು. ಎಲ್ಲೂ ಕಿರುಚಾಟ ಇಲ್ಲ, ಠಾಣೆಯಲ್ಲಿ ದೂರು ಬರೆಸುವ ಹಾಗೆ ಹೇಳುತ್ತಾ ಹೋಗುತ್ತಾರೆ.

ಕುಣಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಆ ದೋಣಿಯವನೂ ಕತೆ ಮುಗಿಸಿ, ನಮ್ಮ ಡೆಕ್ ಮೇಲೆ ಎಣ್ಣೆ ಡ್ರಮ್ಮು ಬಡಿಯುತ್ತಾ ಚೆನ್ನಾಗಿಯೇ ಕುಣಿದ. ಮುಂದಿನ ಸಲ ಸಾಲ್ಸಾ ಬಗ್ಗೆ ಬರೆಸಿದರೆ ಒಂದೇ ಒಂದು ಹಾಡಿನ ಅರ್ಥ ಕನ್ನಡದಲ್ಲಿ ಹಾಕಿಸಿ. ಸೊಂಟದ ಫೋಟೋಗೆ ಕೊಟ್ಟ ಅರ್ಧ ಪುಟದಲ್ಲಿ ಅದು ಆರಾಮಾಗಿ ಹಿಡಿಯುತ್ತದೆ.

– ನಿಮ್ಮ ಹಳೆಯ ಓದುಗ