ಶಾಸಕರೇ, ನಮಗೆ 72 ಗಂಟೆ ಕಾಯಲು ಬಿಡಿ

ಕೋಲಾರದ ಶಾಸಕರಿಗೆ ನಮಸ್ಕಾರ.

ಹೋದ ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪ ಟೊಮೇಟೊ ಮಂಡಿಯಲ್ಲಿ ಹರಾಜು ನಡೆಯುತ್ತಿದ್ದಾಗಲೇ ಕುಸಿದು ಬಿದ್ದರು. ಉಸಿರಿಲ್ಲ, ನಾಡಿ ಇಲ್ಲ, ಹೃದಯವೇ ನಿಂತುಹೋಗಿತ್ತು. ಸುತ್ತ ನಿಂತವರೆಲ್ಲ ನೀರು ಚಿಮುಕಿಸಿ ಅಂತ ಕೂಗುತ್ತಿದ್ದರೆ ಒಬ್ಬ ಹಮಾಲಿ ಹುಡುಗ ಮಾತ್ರ ಎದೆ ಒತ್ತಲು ಶುರು ಮಾಡಿದ, ಮೊಬೈಲಲ್ಲಿ ನೋಡಿದ್ದನಂತೆ, ನಿಮಿಷಕ್ಕೆ ನೂರಕ್ಕೂ ಜಾಸ್ತಿ ಸಲ, ಎರಡು ಇಂಚು ತಗ್ಗುವ ಹಾಗೆ, 108 ಬರುವವರೆಗೂ ಬಿಡಲಿಲ್ಲ. ಎರಡು ಪಕ್ಕೆಲುಬು ಮುರಿದವು. ಮುರೀಲಿ ಬಿಡಿ. ರಕ್ತ ಹೋಗದಿದ್ದರೆ ನಾಲ್ಕೈದು ನಿಮಿಷಕ್ಕೇ ಮಿದುಳು ಹಾಳಾಗಲು ಶುರುವಾಗುತ್ತದೆ.

ಗುಂಡಿಗೆ ಮತ್ತೆ ಹೊಡೆದುಕೊಂಡಿತು. ಪ್ರಜ್ಞೆ ಬರಲಿಲ್ಲ. ಸಿನಿಮಾದಲ್ಲಿ ಎದೆ ಒತ್ತಿದ ತಕ್ಷಣ ಕೆಮ್ಮಿ ಎದ್ದು ಕೂರುತ್ತಾರಲ್ವಾ, ನಾವೂ ಹಾಗೇ ಅಂದುಕೊಂಡಿದ್ದೆವು. ನಿಜದಲ್ಲಿ ಹೆಚ್ಚಿನವರು ಮೊದಲು ಕೋಮಾದಲ್ಲೇ ಇರುತ್ತಾರೆ.

ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಎರಡನೇ ದಿನ ಬೆಳಿಗ್ಗೆಯೇ ಅಲ್ಲಿನ ಡಾಕ್ಟರು "ಪ್ರಯೋಜನ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದರು. ಅಷ್ಟರಲ್ಲಿ ಚಿಕ್ಕಮ್ಮನ ಬಳೆ ಗಿರವಿಗೆ ಹೋಗಿತ್ತು, ಊರಲ್ಲಿ ಶಾಮಿಯಾನದವನಿಗೂ ಯಾರೋ ಫೋನ್ ಮಾಡಿದ್ದರು. ಆಗ ಒಬ್ಬ ನರ್ಸಮ್ಮ ಮೆಲ್ಲಗೆ ಹೇಳಿದರು: "ನಿದ್ದೆ ಔಷಧಿ ಇನ್ನೂ ಹೋಗ್ತಾನೇ ಇದೆ, ಈಗಲೇ ಹೇಗೆ ಹೇಳ್ತಾರೆ?" ಆಮೇಲೆ ಹುಡುಕಿ ಓದಿದೆ. ರೋಗಿ ಏಳುತ್ತಾರೋ ಇಲ್ಲವೋ ಅಂತ ಹೇಳಲು ಹೃದಯ ಮತ್ತೆ ಶುರುವಾದ ಮೇಲೆ ಕನಿಷ್ಠ 72 ಗಂಟೆ ಕಾಯಬೇಕು, ಆ ಔಷಧಿಯ ಅಮಲು ಇಳಿದಿರಬೇಕು, ಒಂದೇ ಪರೀಕ್ಷೆ ನಂಬಿ ತೀರ್ಮಾನ ಮಾಡಬಾರದು ಅಂತ ಯುರೋಪಿನ ತಜ್ಞರು 2021ರಲ್ಲೇ ಬರೆದಿದ್ದಾರೆ. ಅಲ್ಲಿಯವರೆಗೂ ಜ್ವರ ಏರದಂತೆ ನೋಡಿಕೊಳ್ಳಬೇಕು.

ಚಿಕ್ಕಪ್ಪ ಐದನೇ ದಿನ ಕಣ್ಣು ಬಿಟ್ಟರು. ಎಲ್ಲರೂ ಹೀಗೆ ಎದ್ದೇಳುತ್ತಾರೆ ಅಂತ ನಾನು ಹೇಳುತ್ತಿಲ್ಲ, ಕಾದರೂ ಏಳದವರು ಬಹಳ ಜನ. ಎದ್ದವರ ಕಥೆಯೂ ಅಲ್ಲಿಗೇ ಮುಗಿಯುವುದಿಲ್ಲ. ಅವತ್ತಿನ ಟೊಮೇಟೊ ಬಾಕ್ಸ್ ಎಷ್ಟಕ್ಕೆ ಹೋಯ್ತು ಅಂತ ಇವತ್ತಿಗೂ ದಿನಕ್ಕೆ ಹತ್ತು ಸಲ ಕೇಳುತ್ತಾರೆ, ಹೇಳಿದರೆ ಮರೆಯುತ್ತಾರೆ, ಸುಮ್ನೆ ಸಿಟ್ಟಾಗುತ್ತಾರೆ.

ಸಾಹೇಬ್ರೇ, ನಾನು ಹೊಸ ಕಟ್ಟಡ ಕೇಳುತ್ತಿಲ್ಲ, ಶಂಕುಸ್ಥಾಪನೆಗೂ ಕರೆಯುತ್ತಿಲ್ಲ. ಇಂಥವರಿಗಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಇರುವ ಎರಡು ಬೆಡ್ ತೆಗೆದಿಡಿಸಿ, ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಆ ಮೂರು ದಿನ ಯಾರಿಗೂ ತಪ್ಪಬಾರದು. ಮನೆಯವರಿಗೆ ದಿನಕ್ಕೊಮ್ಮೆ ಕೂತು ಕನ್ನಡದಲ್ಲೋ ತೆಲುಗಿನಲ್ಲೋ ವಿಷಯ ಹೇಳುವವರೊಬ್ಬರು ಇರಲಿ. ಡಿಸ್ಚಾರ್ಜ್ ಆದವರ ಮರೆವು, ಸಿಟ್ಟು ನೋಡಲು ವಾರಕ್ಕೊಂದು ಓಪಿಡಿ ಮಾಡಿಸಿ, ಚಿಕ್ಕಪ್ಪನನ್ನು ನಾನೇ ಬೈಕಲ್ಲಿ ಕರೆತರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ